ಇಂಡೆಂಚರ್: ಹಲ್ಲು ಕತ್ತರಿಸಿದ ಕರಾರಿನ ಚರಿತ್ರೆ

ಮಧ್ಯಯುಗದ ಇಂಗ್ಲೆಂಡಿನಲ್ಲಿ ಇಬ್ಬರ ನಡುವೆ ಜಮೀನಿನ ವ್ಯವಹಾರ ಕುದುರಿದರೆ, ಪತ್ರ ಬರೆಯುವವನು ಒಂದೇ ಚರ್ಮದ ಹಾಳೆಯ ಮೇಲೆ ಅದೇ ಒಕ್ಕಣೆಯನ್ನು ಎರಡು ಸಲ ಬರೆಯುತ್ತಿದ್ದ. ನಡುವೆ ಉಳಿಸಿದ ಜಾಗದಲ್ಲಿ ‘ಕೈರೋಗ್ರಾಫಮ್’ ಎಂದು ದಪ್ಪಕ್ಷರದಲ್ಲಿ ಬರೆದು, ಆ ಅಕ್ಷರಗಳನ್ನೇ ಸೀಳುವಂತೆ ಹಾಳೆಯನ್ನು ಅಂಕುಡೊಂಕಾಗಿ ಕತ್ತರಿಸುತ್ತಿದ್ದ. ಆಳಿಗೊಂದು ತುಂಡು. ಮುಂದೆ ತಕರಾರು ಎದ್ದರೆ ಎರಡನ್ನೂ ಜೋಡಿಸಿ ನೋಡುವುದು. ಹಲ್ಲಿಗೆ ಹಲ್ಲು ಕೂಡಿದರೆ ಪತ್ರ ಅಸಲಿ.

ಈ ಹಲ್ಲುಗಳಿಂದಲೇ ‘ಇಂಡೆಂಚರ್’ ಹುಟ್ಟಿತು. ಲ್ಯಾಟಿನ್ನಿನಲ್ಲಿ ‘ಡೆನ್ಸ್’ ಎಂದರೆ ಹಲ್ಲು, ನಮ್ಮ ‘ದಂತ’ದ ದಾಯಾದಿ. ಒಬ್ಬನೇ ಬರೆದುಕೊಡುವ ಪತ್ರಕ್ಕೆ ಜೋಡಿ ಬೇಕಿರಲಿಲ್ಲವಾದ್ದರಿಂದ ಅದರ ಅಂಚನ್ನು ನೇರವಾಗಿ ಕತ್ತರಿಸುತ್ತಿದ್ದರು. ಅದು ‘ಡೀಡ್ ಪೋಲ್’. ಇಂಗ್ಲೆಂಡಿನಲ್ಲಿ ಹೆಸರು ಬದಲಿಸಿಕೊಳ್ಳುವವರು ಇಂದಿಗೂ ಬರೆದುಕೊಡುವುದು ಅದನ್ನೇ.

1195ರ ಜುಲೈ 15ರಂದು ಈ ಪದ್ಧತಿಗೆ ಮಹತ್ವದ ತಿರುವು ಸಿಕ್ಕಿತು. ರಾಜನ ನ್ಯಾಯಾಲಯದಲ್ಲಿ ಮುಖ್ಯ ನ್ಯಾಯಾಧಿಕಾರಿ ಹ್ಯೂಬರ್ಟ್ ವಾಲ್ಟರ್ ಎದುರು ನಡೆದ ಒಂದು ರಾಜಿಯನ್ನು ಎರಡರ ಬದಲು ಮೂರು ಪ್ರತಿಯಾಗಿ ಬರೆದು ಕತ್ತರಿಸಲಾಯಿತು. ಕಕ್ಷಿದಾರರಲ್ಲಿ ಒಬ್ಬ ಅವನ ಅಣ್ಣನೇ, ಥಿಯೋಬಾಲ್ಡ್. ಹಾಳೆಯ ಬುಡದ ಮೂರನೆಯ ತುಂಡು ಖಜಾನೆಗೆ ಸೇರಿತು. ಇಬ್ಬರೂ ತಮ್ಮ ಪಾಲಿನ ತುಂಡು ಕಳೆದುಕೊಂಡರೂ ಸಾಕ್ಷಿ ಉಳಿಯಲೆಂಬುದು ಉದ್ದೇಶ. ಇಂಥ ‘ಬುಡದ ತುಂಡು’ಗಳು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಅಪಾರ ಸಂಖ್ಯೆಯಲ್ಲಿವೆ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿ ಕ್ರಯಪತ್ರದ ನಕಲನ್ನು ತನ್ನಲ್ಲೇ ಇಟ್ಟುಕೊಳ್ಳುವುದರ ಹಿಂದಿರುವುದೂ ಇದೇ ವಿವೇಕ.

ಯುದ್ಧಕ್ಕೂ ಇದು ಬಳಕೆಯಾಯಿತು. 1415ರಲ್ಲಿ ಐದನೆಯ ಹೆನ್ರಿ ಫ್ರಾನ್ಸಿನ ಮೇಲೆ ದಂಡೆತ್ತಿ ಹೋಗುವ ಮುನ್ನ ತನ್ನ ಸರದಾರರೊಂದಿಗೆ ಇಂಡೆಂಚರ್ ಮಾಡಿಕೊಂಡ: ಬಿಲ್ಲುಗಾರನಿಗೆ ದಿನಕ್ಕೆ 6 ಪೆನ್ಸ್, ಕವಚಧಾರಿ ಯೋಧನಿಗೆ 12. ಸಂಬಳದ ಭದ್ರತೆಗೆ ರಾಜ ತನ್ನ ಒಡವೆಗಳನ್ನೇ ಒತ್ತೆಯಿಟ್ಟ.

ಕಸುಬು ಕಲಿಯುವ ಹುಡುಗರೂ ಇದೇ ಪತ್ರಕ್ಕೆ ಸಹಿ ಹಾಕುತ್ತಿದ್ದರು. ಬೆಂಜಮಿನ್ ಫ್ರಾಂಕ್ಲಿನ್ 1718ರಲ್ಲಿ, 12ನೆಯ ವಯಸ್ಸಿನಲ್ಲಿ, ಬಾಸ್ಟನ್ನಿನ ಮುದ್ರಕನಾಗಿದ್ದ ಅಣ್ಣ ಜೇಮ್ಸ್ ಬಳಿ 21 ತುಂಬುವವರೆಗೆ ದುಡಿಯಲು ಒಪ್ಪಿದ. ಮುಂದೆ ಅಧಿಕಾರಿಗಳು ಜೇಮ್ಸ್ ಪತ್ರಿಕೆ ಅಚ್ಚುಹಾಕಕೂಡದೆಂದು ತಡೆದಾಗ, ಪತ್ರಿಕೆ ತಮ್ಮನ ಹೆಸರಿನಲ್ಲಿ ಹೊರಟಿತು. ಅದಕ್ಕಾಗಿ ಹಳೆಯ ಇಂಡೆಂಚರಿನ ಬೆನ್ನ ಮೇಲೆ ಬಿಡುಗಡೆ ಬರೆದುಕೊಟ್ಟು, ಗುಟ್ಟಾಗಿ ಹೊಸದೊಂದನ್ನು ಬರೆಸಿಕೊಳ್ಳಲಾಯಿತು. ಗುಟ್ಟಿನ ಪತ್ರವನ್ನು ಅಣ್ಣ ಹೊರಗೆ ತೋರಿಸಲಾರನೆಂದು ತಿಳಿದಿದ್ದ ಬೆಂಜಮಿನ್ 1723ರಲ್ಲಿ ಓಡಿಹೋದ. ಕರಾರಿನ ಬಲವೆಲ್ಲ ಅದನ್ನು ನಾಲ್ವರ ಮುಂದೆ ತೋರಿಸುವುದರಲ್ಲೇ ಇತ್ತು.

ಕಾಲ ಕಳೆದಂತೆ ಹಲ್ಲುಗಳು ಬರೀ ಶಾಸ್ತ್ರಕ್ಕೆ ಉಳಿದವು. 1845ರ ಬ್ರಿಟಿಷ್ ಕಾಯ್ದೆಯೊಂದು, ಅಂಚು ಕತ್ತರಿಸದಿದ್ದರೂ ಇಂಡೆಂಚರ್ ಎಂದು ಬರೆದುಕೊಂಡ ಪತ್ರ ಇಂಡೆಂಚರೇ ಎಂದು ಸಾರಿತು. ನಮ್ಮ ಕಚೇರಿಗಳಲ್ಲಿ ಸಾಮಾನು ತರಿಸಲು ಹಾಕುವ ‘ಇಂಡೆಂಟ್’ ಕೂಡ ಇದೇ ಬಳ್ಳಿಯ ಕುಡಿ.

ಹಲ್ಲುಗಳ ಜೊತೆಗೆ ಸಮಪಾಲಿನ ಅರ್ಥವೂ ಸವೆದದ್ದು ಕೂಲಿಗಳ ಕರಾರಿನಲ್ಲಿ. ಗುಲಾಮಗಿರಿಯನ್ನು ರದ್ದುಪಡಿಸುವ ಕಾಯ್ದೆ 1833ರಲ್ಲಿ ಬಂತು. ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಹಡಗು 36 ಭಾರತೀಯ ಕೂಲಿಗಳನ್ನು ಮಾರಿಷಸ್‌ಗೆ ತಲುಪಿಸಿತು. ‘ಅಗ್ರಿಮೆಂಟ್’ ಎಂಬ ಇಂಗ್ಲಿಷ್ ಮಾತು ಕೂಲಿಗಳ ಬಾಯಲ್ಲಿ ‘ಗಿರ್ಮಿಟ್’ ಆಯಿತು. ಫಿಜಿಯ ಗಿರ್ಮಿಟ್ ಪ್ರಕಾರ ಐದು ವರ್ಷ ದುಡಿಮೆ, ಗಂಡಸಿಗೆ ದಿನಕ್ಕೆ ಒಂದು ಶಿಲಿಂಗ್, ಹೆಂಗಸಿಗೆ 9 ಪೆನ್ಸ್. ಕೆಲಸ ತಪ್ಪಿಸಿದರೆ ದಂಡ ಅಥವಾ ಜೈಲು. 1893ರಲ್ಲಿ ಫಿಜಿಗೆ ಹೋದ ತೋತಾರಾಮ್ ಸನಾಢ್ಯ, ಮ್ಯಾಜಿಸ್ಟ್ರೇಟ್ ಏನು ಕೇಳಿದರೂ ಹೌದೆನ್ನಬೇಕೆಂದು ಆಳು ಹಿಡಿಯುವ ‘ಆರ್ಕಾಟಿ’ಗಳು ಹೇಗೆ ಹೆದರಿಸುತ್ತಿದ್ದರೆಂದು ಬರೆದಿಟ್ಟಿದ್ದಾರೆ. ಹಾಗೆ ಪಡೆದ ‘ಹೌದು’ ಒಪ್ಪಿಗೆಯಲ್ಲ.

ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ವಕೀಲಿ ಆರಂಭಿಸಿದ ಹೊಸದರಲ್ಲಿ ಗಾಂಧೀಜಿಯ ಬಳಿಗೆ ಬಾಲಸುಂದರಂ ಎಂಬ ತಮಿಳು ಕೂಲಿ ಬಂದರು. ಧಣಿ ಹೊಡೆದ ಪೆಟ್ಟಿಗೆ ಮುಂದಿನ ಎರಡು ಹಲ್ಲು ಮುರಿದು ಬಾಯಿಂದ ರಕ್ತ ಸುರಿಯುತ್ತಿತ್ತು. ಮಾಮೂಲಿ ಆಳು ಹೇಳದೆ ಕೆಲಸ ಬಿಟ್ಟರೆ ಧಣಿ ಸಿವಿಲ್ ದಾವೆ ಹೂಡಬಹುದಿತ್ತು ಅಷ್ಟೆ. ಗಿರ್ಮಿಟ್‌ನ ಕೂಲಿ ಬಿಟ್ಟರೆ ಅದು ಅಪರಾಧ. ಹೀಗಾಗಿ ಗಾಂಧೀಜಿಗಿದ್ದ ದಾರಿ ಎರಡೇ: ಕರಾರನ್ನು ರದ್ದುಮಾಡಿಸುವುದು, ಇಲ್ಲವೇ ಬೇರೆ ಧಣಿಯ ಹೆಸರಿಗೆ ವರ್ಗ ಮಾಡಿಸುವುದು. ಅವರು ಎರಡನೆಯದನ್ನು ಮಾಡಿಸಿದರು. ಮನುಷ್ಯನ ದುಡಿಮೆ ಹೀಗೆ ಕೈಯಿಂದ ಕೈಗೆ ದಾಟುವ ಹೊತ್ತಿಗೆ, ಇಬ್ಬರಿಗೂ ಸಮಪಾಲು ಕೊಡುತ್ತಿದ್ದ ಹಳೆಯ ಚರ್ಮಪತ್ರಕ್ಕೂ ಇದಕ್ಕೂ ಉಳಿದದ್ದು ಹೆಸರಿನ ನಂಟು ಮಾತ್ರ.

ದೇಶದಲ್ಲಿ ಎದ್ದ ಪ್ರತಿಭಟನೆಗೆ ಮಣಿದು 1917ರಲ್ಲಿ ಕೂಲಿ ನೇಮಕ ನಿಂತಿತು. ಫಿಜಿಯಲ್ಲಿ ಉಳಿದಿದ್ದ ಗಿರ್ಮಿಟ್‌ಗಳು 1920ರ ಜನವರಿ 1ರಂದು ರದ್ದಾದವು. ಅಷ್ಟರಲ್ಲಿ 60,000ಕ್ಕೂ ಹೆಚ್ಚು ಭಾರತೀಯರು ಅಲ್ಲಿಗೆ ಹೋಗಿದ್ದರು, ಹೆಚ್ಚಿನವರು ಅಲ್ಲೇ ನೆಲೆ ನಿಂತರು. ಮೊದಲ ಹಡಗು ‘ಲಿಯೊನಿಡಾಸ್’ ಬಂದ 1879ರ ಮೇ 14ರ ನೆನಪಿಗೆ ಫಿಜಿ ಸರ್ಕಾರ 2023ರಿಂದ ಗಿರ್ಮಿಟ್ ದಿನದ ರಜೆ ಘೋಷಿಸಿದೆ.