ಸಂತ ಮೋನಿಕಾ: ಕಣ್ಣೀರಿನ ತಾಯಿ, ವಿಶ್ವಾಸದ ಅಜ್ಜಿ



ಪ್ರತಿವರ್ಷ ಆಗಸ್ಟ್ 27ರಂದು ನಾವು ಸಂತ ಮೋನಿಕಾರವರ ಹಬ್ಬವನ್ನೂ ಮರುದಿನ ಅವರ ಮಗ ಸಂತ ಅಗಸ್ಟೀನರ ಹಬ್ಬವನ್ನೂ ಆಚರಿಸುತ್ತೇವೆ. ಹಿಂದೆ ಮೇ 4ರಂದು ನಡೆಯುತ್ತಿದ್ದ ತಾಯಿಯ ಹಬ್ಬವನ್ನು 1969ರಲ್ಲಿ ಪರಿಷ್ಕರಿಸಿದ ಆರಾಧನಾ ಪಂಚಾಂಗವು ಮಗನ ಹಬ್ಬದ ಹಿಂದಿನ ದಿನಕ್ಕೆ ತಂದಿತು. ಮೋನಿಕಾ ಎಂದೊಡನೆ ಮಗನಿಗಾಗಿ ಕಣ್ಣೀರಿಟ್ಟ ತಾಯಿ ನಮ್ಮ ನೆನಪಿಗೆ ಬರುತ್ತಾರೆ. ಆದರೆ ಅವರು ಅಜ್ಜಿಯೂ ಆಗಿದ್ದರು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೆನೆಯುತ್ತೇವೆ?

ಮೋನಿಕಾ ಹುಟ್ಟಿದ್ದು ಸುಮಾರು ಕ್ರಿ.ಶ. 331ರಲ್ಲಿ. ಹುಟ್ಟೂರು ಉತ್ತರ ಆಫ್ರಿಕದ ತಗಾಸ್ತೆ. ಇಂದು ಅಲ್ಜೀರಿಯ ದೇಶದ ಸೂಕ್ ಅಹ್ರಾಸ್. ಕ್ರೈಸ್ತ ಕುಟುಂಬದಲ್ಲಿ ಬೆಳೆದ ಅವರನ್ನು ಕ್ರೈಸ್ತನಲ್ಲದ ಪ್ಯಾಟ್ರಿಷಿಯಸ್ ಎಂಬವನಿಗೆ ಮದುವೆ ಮಾಡಿಕೊಟ್ಟರು. ಗಂಡ ಮುಂಗೋಪಿ, ಪರಸ್ತ್ರೀಯರ ಸಹವಾಸದವನು. ಅತ್ತೆಯೋ, ಕೆಲಸದವರ ಚಾಡಿ ಕೇಳಿ ಸೊಸೆಯ ಮೇಲೆ ಮುನಿದವರು. ಮೋನಿಕಾ ಯಾರೊಡನೆಯೂ ಜಗಳಕ್ಕೆ ನಿಲ್ಲಲಿಲ್ಲ. ತಾಳ್ಮೆಯಿಂದ ಅತ್ತೆಯ ಮನ ಗೆದ್ದರು. ಗಂಡನೂ ಸಾಯುವ ಮುನ್ನ ದೀಕ್ಷಾಸ್ನಾನ ಪಡೆದನು.

ಅವರ ಮಗ ಅಗಸ್ಟೀನ್ ಹುಟ್ಟಿದ್ದು 354ರ ನವೆಂಬರ್ 13ರಂದು. ಓದಲು ಕಾರ್ಥೇಜ್ ನಗರಕ್ಕೆ ಹೋದ ಈ ಜಾಣ ಹುಡುಗ ಅಲ್ಲಿ ಮದುವೆಯಿಲ್ಲದೆ ಒಬ್ಬ ಹೆಣ್ಣಿನೊಡನೆ ಸಂಸಾರ ಹೂಡಿದ. ಸುಮಾರು 372ರಲ್ಲಿ ಅವರಿಗೆ ಗಂಡುಮಗು ಹುಟ್ಟಿತು. ಮಗುವಿನ ಹೆಸರು ಅದಿಯೊದಾತುಸ್. ದೇವರು ಕೊಟ್ಟವನು ಎಂದು ಅರ್ಥ, ನಮ್ಮ ದೇವದತ್ತ ಎಂಬ ಹೆಸರಿನಂತೆ. ಅನಂತರ ಮಗ ಮಾನಿ ಎಂಬವನ ಪಂಥವನ್ನೂ ಸೇರಿದ. ತಾಯಿ ನೊಂದು, ಅವನು ತಮ್ಮ ಮನೆಯಲ್ಲಿ ಇರುವುದಕ್ಕೂ ಒಂದೇ ಪಂಕ್ತಿಯಲ್ಲಿ ಉಣ್ಣುವುದಕ್ಕೂ ಒಪ್ಪಲಿಲ್ಲ. ಆದರೆ ಕನಸೊಂದರಲ್ಲಿ, ತಾವು ನಿಂತ ಮರದ ದಿಮ್ಮಿಯ ಮೇಲೆಯೇ ಮಗನೂ ನಿಂತಿರುವುದನ್ನು ಕಂಡು ಸಮಾಧಾನಗೊಂಡರು. ಮುಚ್ಚಿದ್ದ ಬಾಗಿಲನ್ನು ತೆರೆದರು. ಮಗ ಬದಲಾಗುವ ಮೊದಲೇ ತಾಯಿ ಬಾಗಿಲು ತೆರೆದರು ಎಂಬುದನ್ನು ನಾವು ಗಮನಿಸಬೇಕು.

383ರಲ್ಲಿ ಮಗ ತಾಯಿಗೆ ಸುಳ್ಳು ಹೇಳಿ ರಾತ್ರೋರಾತ್ರಿ ರೋಮಿಗೆ ಹಡಗು ಹತ್ತಿದ. ಆ ಹೊತ್ತಿನಲ್ಲಿ ತಾಯಿ ರಕ್ತಸಾಕ್ಷಿ ಸಂತ ಸಿಪ್ರಿಯಾನರ ಗುಡಿಯಲ್ಲಿ ಪ್ರಾರ್ಥಿಸುತ್ತಿದ್ದರು. ಮುಂದೆ ಸಮುದ್ರ ದಾಟಿ ಮಿಲಾನಿನವರೆಗೂ ಮಗನನ್ನು ಹುಡುಕಿಕೊಂಡು ಹೋದರು. ಅಲ್ಲಿ ತಮ್ಮ ಊರಿನ ವಾಡಿಕೆಯಂತೆ ರಕ್ತಸಾಕ್ಷಿಗಳ ಸಮಾಧಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸ ಒಯ್ದಾಗ ಬಾಗಿಲು ಕಾಯುವವನು ತಡೆದ. ಧರ್ಮಾಧ್ಯಕ್ಷ ಸಂತ ಆಂಬ್ರೋಸರು ಅದನ್ನು ನಿಷೇಧಿಸಿದ್ದರೆಂದು ತಿಳಿದೊಡನೆ ಮರುಮಾತಿಲ್ಲದೆ ಬಿಟ್ಟುಬಿಟ್ಟರು. 386ರಲ್ಲಿ ರಾಜಮಾತೆ ಜಸ್ಟೀನಾ ಆ ಧರ್ಮಾಧ್ಯಕ್ಷರನ್ನು ಪೀಡಿಸಿದಾಗ ಜನರು ದೇವಾಲಯದಲ್ಲಿ ರಾತ್ರಿಯಿಡೀ ಜಾಗರಣೆ ಕುಳಿತರು. ಆ ಜಾಗರಣೆಯಲ್ಲಿ ಮೋನಿಕಾ ಮುಂದಾಳಾಗಿದ್ದರು.

ಸಂತರೆಂದರೆ ಕುಂದಿಲ್ಲದವರಲ್ಲ. ಮಿಲಾನಿನಲ್ಲಿ ಮಗನಿಗೆ ಒಳ್ಳೆಯ ಸಂಬಂಧ ಕುದುರಿಸಲು ಮೋನಿಕಾ ಬಹಳ ಶ್ರಮಿಸಿದರು. ಅದರಿಂದಾಗಿ ಅದಿಯೊದಾತುಸನ ತಾಯಿ ಮಗನನ್ನು ಬಿಟ್ಟು ಆಫ್ರಿಕಕ್ಕೆ ಹಿಂತಿರುಗಬೇಕಾಯಿತು. ಇನ್ನೆಂದೂ ಬೇರೊಬ್ಬನನ್ನು ಸೇರೆನೆಂದು ದೇವರಿಗೆ ಹರಕೆ ಹೊತ್ತು ಹೋದ ಆ ಹೆಣ್ಣಿನ ಹೆಸರನ್ನೂ ಇತಿಹಾಸ ಉಳಿಸಿಲ್ಲ. ಕುದುರಿದ ಮದುವೆಯೂ ನಡೆಯಲಿಲ್ಲ. ಹೆತ್ತತಾಯಿ ದೂರವಾದ ಆ ಬಾಲಕನ ಬಳಿ ಉಳಿದವರು ಅಪ್ಪ ಮತ್ತು ಅಜ್ಜಿ.

386ರಲ್ಲಿ ಅಗಸ್ಟೀನರ ಮನಪರಿವರ್ತನೆಯಾಯಿತು. ಅವರು ಮನೆಯವರೊಡನೆ ಕಸಿಸಿಯಾಕುಮ್ ಎಂಬ ಹಳ್ಳಿಯ ಮನೆಯಲ್ಲಿ ಕೆಲಕಾಲ ತಂಗಿದರು. ಆ ವರ್ಷದ ತಮ್ಮ ಹುಟ್ಟುಹಬ್ಬದಂದು, ನಿಜವಾದ ಸುಖವೆಂದರೇನು ಎಂಬ ಚರ್ಚೆಯನ್ನು ಆರಂಭಿಸಿದರು. ದೇವರನ್ನು ಹೊಂದಿದವನು ಯಾರು ಎಂಬ ಪ್ರಶ್ನೆ ಬಂತು. ಎಲ್ಲರಿಗಿಂತ ಚಿಕ್ಕವನಾದ ಅದಿಯೊದಾತುಸ್, ಅಶುದ್ಧಾತ್ಮ ಯಾರಲ್ಲಿ ಇಲ್ಲವೋ ಅವನೇ ಎಂದು ಉತ್ತರಿಸಿದ. ಎಲ್ಲರ ಉತ್ತರಗಳಲ್ಲಿ ಅಜ್ಜಿಗೆ ಅತಿ ಮೆಚ್ಚುಗೆಯಾದದ್ದು ಇದೇ ಎಂದು ಅಗಸ್ಟೀನರು ಬರೆದಿಟ್ಟಿದ್ದಾರೆ. ಪಂಡಿತರ ನಡುವೆ ಮೊಮ್ಮಗನ ಮಾತಿಗೆ ಕಿವಿಗೊಟ್ಟು ತಲೆದೂಗಿದ ಆ ಅಜ್ಜಿಯನ್ನು ಒಮ್ಮೆ ಊಹಿಸಿಕೊಳ್ಳೋಣ.

387ರ ಪಾಸ್ಖ ಜಾಗರಣೆಯ ರಾತ್ರಿ ಸಂತ ಆಂಬ್ರೋಸರಿಂದ ಅಗಸ್ಟೀನರೂ ಅವರ ಗೆಳೆಯ ಅಲಿಪಿಯಸರೂ ಹದಿನೈದರ ಹರೆಯದ ಅದಿಯೊದಾತುಸನೂ ದೀಕ್ಷಾಸ್ನಾನ ಪಡೆದರು. ಅಪ್ಪ ಮಗ ಇಬ್ಬರಿಗೂ ಒಂದೇ ರಾತ್ರಿ ಹೊಸ ಜನ್ಮ! ವರ್ಷಗಟ್ಟಲೆ ಸುರಿದ ಕಣ್ಣೀರಿಗೆ ದೇವರು ಕೊಟ್ಟ ಉತ್ತರ ಬೇಡಿದ್ದಕ್ಕಿಂತ ದೊಡ್ಡದಾಗಿತ್ತು.

ಅದೇ ವರ್ಷ ಊರಿಗೆ ಮರಳಲು ರೋಮಿನ ಬಳಿಯ ಓಸ್ತಿಯ ಬಂದರಿನಲ್ಲಿ ಹಡಗಿಗಾಗಿ ಕಾಯುತ್ತಿದ್ದಾಗ ಮೋನಿಕಾ ಜ್ವರದಿಂದ ಮಲಗಿದರು. ಗಂಡನ ಸಮಾಧಿಯ ಪಕ್ಕದಲ್ಲೇ ಮಣ್ಣಾಗಬೇಕೆಂದು ಅವರು ಮೊದಲಿನಿಂದಲೂ ಆಸೆಪಟ್ಟು ಜಾಗ ಸಿದ್ಧಪಡಿಸಿಕೊಂಡಿದ್ದರು. ಪರದೇಶದಲ್ಲಿ ಸಾಯುವಂತಾಗದಿರಲೆಂದು ಇನ್ನೊಬ್ಬ ಮಗ ಹೇಳಿದಾಗ ಅವನತ್ತ ಆಕ್ಷೇಪದ ನೋಟ ಬೀರಿದರು. ಈ ದೇಹವನ್ನು ಎಲ್ಲಿ ಹೂಳಿದರೂ ಚಿಂತೆಯಿಲ್ಲ, ನೀವು ಎಲ್ಲೇ ಇದ್ದರೂ ಪ್ರಭುವಿನ ಬಲಿಪೀಠದಲ್ಲಿ ನನ್ನನ್ನು ನೆನೆಯಿರಿ ಎಂಬುದಷ್ಟೇ ಅವರ ಬೇಡಿಕೆ. ಒಂಬತ್ತನೆಯ ದಿನ, ತಮ್ಮ 56ನೆಯ ವಯಸ್ಸಿನಲ್ಲಿ, ಪ್ರಭುವಿನಲ್ಲಿ ನಿದ್ರೆಹೋದರು.

ಆಗ ದೊಡ್ಡವರೆಲ್ಲ ಕಣ್ಣೀರು ತಡೆದುಕೊಂಡು ನಿಂತಿದ್ದರು. ಅಜ್ಜಿಯ ಉಸಿರು ನಿಂತೊಡನೆ ಗಟ್ಟಿಯಾಗಿ ಅತ್ತವನು ಒಬ್ಬನೇ, ಮೊಮ್ಮಗ ಅದಿಯೊದಾತುಸ್. ಹಿರಿಯರು ಅವನನ್ನು ಸುಮ್ಮನಿರಿಸಿದರು. ಮೋನಿಕಾ ಆ ಹುಡುಗನಿಗೆ ಎಂಥ ಅಜ್ಜಿಯಾಗಿದ್ದರು ಎಂಬುದಕ್ಕೆ ಆ ಅಳುವಿಗಿಂತ ಬೇರೆ ಸಾಕ್ಷಿ ಬೇಕೇ? ಕೆಲವೇ ವರ್ಷಗಳಲ್ಲಿ ಅವನೂ ಎಳೆಯ ಪ್ರಾಯದಲ್ಲೇ ತೀರಿಕೊಂಡ. ಆದರೆ ವಿಶ್ವಾಸದಲ್ಲಿ ತೀರಿಕೊಂಡ.

ಮುಂದೆ ಧರ್ಮಾಧ್ಯಕ್ಷರಾದ ಅಗಸ್ಟೀನರು 'ಕನ್ಫೆಷನ್ಸ್' ಎಂಬ ತಮ್ಮ ಗ್ರಂಥದಲ್ಲಿ, ಅದನ್ನು ಓದುವವರೆಲ್ಲರೂ ತಮ್ಮ ತಾಯಿತಂದೆಯರನ್ನು ಬಲಿಪೀಠದಲ್ಲಿ ನೆನೆಯಲಿ ಎಂದು ಬೇಡಿಕೊಂಡರು. ಮೋನಿಕಾರವರ ಪವಿತ್ರ ಅವಶೇಷಗಳನ್ನು 1430ರಲ್ಲಿ ರೋಮಿಗೆ ತರಲಾಯಿತು. ಅವರ ಸಮಾಧಿಯ ಕಲ್ಲಿನ ತುಣುಕೊಂದು 1945ರಲ್ಲಿ ಓಸ್ತಿಯದ ಮಣ್ಣಿನಲ್ಲಿ ಸಿಕ್ಕಿತು. ಅಷ್ಟು ಶತಮಾನ ಕಲ್ಲು ಮಣ್ಣಿನಡಿ ಮುಚ್ಚಿಹೋಗಿದ್ದರೂ ಬಲಿಪೀಠದ ನೆನಪು ಮುಚ್ಚಿಹೋಗಲಿಲ್ಲ.

ಪ್ರಿಯರೇ, ನಮ್ಮ ಮನೆಗಳಲ್ಲೂ ಮೋನಿಕಾರಂಥ ಅಜ್ಜಿಯರು ಇದ್ದರು. ಸಂಜೆ ದೀಪ ಹಚ್ಚಿ ಜಪಸರ ಹಿಡಿಸಿದವರು, ಶಿಲುಬೆ ಗುರುತು ಹಾಕಲು ನಮ್ಮ ಪುಟ್ಟ ಕೈ ಹಿಡಿದು ಕಲಿಸಿದವರು ಅವರೇ. ಅವರ ಸಮಾಧಿಗೆ ಅಮೃತಶಿಲೆ ಹಾಕಿಸುತ್ತೇವೆ, ನವೆಂಬರಿನಲ್ಲಿ ಹೂವಿಟ್ಟು ಮೇಣದಬತ್ತಿ ಹಚ್ಚುತ್ತೇವೆ. ಒಳ್ಳೆಯದೇ. ಆದರೆ ಬಲಿಪೂಜೆಯಲ್ಲಿ ಅವರ ಹೆಸರು ಹೇಳಿಸಿ, ಮಕ್ಕಳೊಡನೆ ಕುಳಿತು ಪ್ರಾರ್ಥಿಸಿ ಎಷ್ಟು ಕಾಲವಾಯಿತು? ಹಾಗೆಯೇ, ನಮ್ಮ ಇಚ್ಛೆಗೆ ವಿರುದ್ಧವಾಗಿ ನಡೆದ ಮಗನ ಅಥವಾ ಮಗಳ ಮಗುವಿಗೆ ನಮ್ಮ ಬಾಗಿಲು ತೆರೆದಿದೆಯೇ? ಆ ಮಗುವೂ ದೇವರು ಕೊಟ್ಟದ್ದೇ ಅಲ್ಲವೇ?

ಈ ಹಬ್ಬದಂದು ನಮ್ಮನ್ನಗಲಿದ ತಾಯಂದಿರನ್ನೂ ಅಜ್ಜಿಯರನ್ನೂ ಪ್ರಭುವಿನ ಬಲಿಪೀಠದಲ್ಲಿ ನೆನೆಯೋಣ. ದೂರವಾದ ಮಕ್ಕಳಿಗಾಗಿ ಇಂದಿಗೂ ಕಣ್ಣೀರಿಡುತ್ತಿರುವ ತಾಯಂದಿರಿಗೆ ಸಂತ ಮೋನಿಕಾರವರ ತಾಳ್ಮೆ ದೊರೆಯಲಿ. ಸಂತ ಮೋನಿಕಾರವರೇ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ.