ಹೇಮಾವತಿಯ ದಂಡೆಯಲ್ಲಿ ಶಿಲುಬೆ ಹಾದಿ

ನಮ್ಮ ಆಲೂರು ಸೀಮೆಯವರಿಗೆ ಹೇಮಾವತಿ ಎಂದರೆ ತಾಯಿ. ಮೂಡಿಗೆರೆಯ ಬೆಟ್ಟಗಳಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು, ಗೊರೂರಿನತ್ತ ಇಳಿಯುತ್ತಾಳೆ. ಆ ತಾಯಿಯ ಮಡಿಲಲ್ಲೇ ಒಂದು ಚರ್ಚು ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ. ಅದು ಹಾಸನದಿಂದ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿ ದೂರದಲ್ಲಿರುವ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಚರ್ಚು. ನೋಡಲು ಹೋದವರು ಫೋಟೋ ತೆಗೆದುಕೊಂಡು ಬರುತ್ತಾರೆ. ನನಗೆ ಮಾತ್ರ ಯೇಸುಸ್ವಾಮಿಯ ಯಾತನೆಯನ್ನು ಧ್ಯಾನಿಸುವಾಗ ಕಣ್ಣ ಮುಂದೆ ಬರುವುದು ಆ ಗೋಡೆಗಳೇ.

ಈ ಸೀಮೆಯ ಕ್ರೈಸ್ತರ ಕಥೆ ಹಳೆಯದು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಚೆದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಫ್ರಾನ್ಸಿನ ಪಾದ್ರಿ ಅಬ್ಬೆ ದ್ಯುಬುವಾ ಶ್ರೀರಂಗಪಟ್ಟಣಕ್ಕೆ ಬಂದರು. ಅವರು ನಮ್ಮ ಜನರಂತೆಯೇ ಉಟ್ಟು, ನಮ್ಮ ಊಟವನ್ನೇ ಉಂಡರು. ಸಿಡುಬಿಗೆ ದೇವಿ ಹಾಕಿಸುವುದನ್ನು ಊರೂರಲ್ಲಿ ಹಬ್ಬಿಸಿದರು. ದಿಕ್ಕಿಲ್ಲದವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಅಂಥ ಒಂದು ನೆಲೆ ಹಾಸನದ ಬಳಿಯೇ ಇತ್ತು. 1823ರಲ್ಲಿ ಅವರು ತಾಯ್ನಾಡಿಗೆ ಮರಳಿದರು. ಅವರ ಹಿಂದೆ ಬಂದ ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಶೆಟ್ಟಿಹಳ್ಳಿಯಲ್ಲಿ ಎತ್ತರದ ಕಮಾನುಗಳ ಚರ್ಚು ಎಬ್ಬಿಸಿದರು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಜನ ಇಂದಿಗೂ ಹೇಳುತ್ತಾರೆ.

ನೂರು ವರ್ಷಕ್ಕೂ ಮೇಲೆ ಅಲ್ಲಿ ಮದುವೆ, ನಾಮಕರಣ, ಶವಸಂಸ್ಕಾರ ನಡೆದವು. ಆಮೇಲೆ ಗೊರೂರಿನಲ್ಲಿ ಅಣೆಕಟ್ಟು ಎದ್ದಿತು. 1979ರಲ್ಲಿ ಅದು ಮುಗಿಯಿತು. 37 ಟಿಎಂಸಿ ನೀರು ನಿಲ್ಲಿಸುವ ಜಲಾಶಯ ಊರುಗಳನ್ನೂ ಹೊಲಗದ್ದೆಗಳನ್ನೂ ನುಂಗಿತು. ಶೆಟ್ಟಿಹಳ್ಳಿಯವರು ದನಕರು, ಪಾತ್ರೆಪಡಗ ಕಟ್ಟಿಕೊಂಡು ಹೊರಟರು. ಚರ್ಚನ್ನು ಹೊತ್ತೊಯ್ಯಲಾಗುತ್ತದೆಯೇ? ಅದು ಅಲ್ಲೇ ಉಳಿಯಿತು.

ಹಾಗೆ ಎದ್ದು ಬಂದ ಅಜ್ಜಿಯೊಬ್ಬರು ನಮ್ಮ ನೆರೆಯಲ್ಲಿದ್ದರು. "ದೇವ್ರ ಮನೆನೇ ಬಿಡಿಸಿದ್ರು ಕಣವ್ವ, ಇನ್ನು ನಮ್ದೇನು? ಯೇಸಪ್ಪಂಗೂ ತಲೆ ಇಡಾಕೆ ಜಾಗ ಇರ್ಲಿಲ್ವಲ್ಲ" ಎನ್ನುತ್ತಿದ್ದರು. ಆ ಮಾತಿನಲ್ಲಿ ಸಮಾಧಾನವೂ ಇತ್ತು, ಸಿಟ್ಟೂ ಇತ್ತು. ಎರಡೂ ಒಂದೇ ಬಾಯಲ್ಲಿ ಬರಬಹುದೆಂದು ನಾನು ಕಲಿತದ್ದು ಅವರಿಂದ.

ನಮ್ಮಲ್ಲಿ ಹೆಂಗಸರಿಗೆ ಒಂದು ಉಪದೇಶ ಸದಾ ಸಿದ್ಧವಾಗಿರುತ್ತದೆ: "ನಿನ್ನ ಶಿಲುಬೆ ನೀನು ಹೊರಬೇಕಮ್ಮ." ಗಂಡ ಹೊಡೆಯುತ್ತಾನೆಂದು ಅತ್ತುಕೊಂಡು ಬಂದ ನನ್ನ ಗೆಳತಿಗೆ ಹಿರಿಯರೊಬ್ಬರು ಇದನ್ನೇ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆದರೆ ಶಿಲುಬೆಯ ಕಥೆಯನ್ನು ನಿಧಾನವಾಗಿ ಓದಿ ನೋಡಿ. ವಿಚಾರಣೆಯಲ್ಲಿ ಕಾವಲಿನವನು ಕೆನ್ನೆಗೆ ಹೊಡೆದಾಗ, ನಾನು ತಪ್ಪು ಹೇಳಿದ್ದರೆ ತೋರಿಸು, ಇಲ್ಲದಿದ್ದರೆ ಏಕೆ ಹೊಡೆದೆ ಎಂದು ಯೇಸು ಕೇಳುತ್ತಾನೆ. ಶಿಲುಬೆಯ ಮೇಲೂ, ದೇವರೇ ನನ್ನನ್ನೇಕೆ ಕೈಬಿಟ್ಟೆ ಎಂದು ಕೂಗುತ್ತಾನೆ. ಅವನು ಪ್ರಾಣ ಕೊಟ್ಟದ್ದು ತಾನಾಗಿ, ಪ್ರೀತಿಯಿಂದ. ಬೇರೆಯವರು ನಮ್ಮ ಹೆಗಲಿಗೇರಿಸಿದ ಹೊರೆಗೆ ಅದೇ ಹೆಸರಿಟ್ಟು ಬಾಯಿ ಮುಚ್ಚಿಸುವುದು ಅವನಿಗೆ ಮಾಡುವ ಅವಮಾನ.

ಹಾಗಾದರೆ ನಂಬಿದವರಿಗೆ ಆ ಯಾತನೆಯಿಂದ ಸಿಗುವುದೇನು? ಪೆಟ್ಟು ತಿನ್ನುವವರ ಪಕ್ಕದಲ್ಲಿ ದೇವರೇ ನಿಂತಿದ್ದಾನೆಂಬ ಧೈರ್ಯ. ಶಿಲುಬೆ ಹಾದಿಯ ಹದಿನಾಲ್ಕು ನಿಲ್ದಾಣಗಳಲ್ಲಿ ಆರನೆಯದರಲ್ಲಿ ವೆರೋನಿಕಾ ಮುಂದೆ ಬಂದು ಅವನ ಮುಖ ಒರೆಸುತ್ತಾಳೆ. ಎಂಟನೆಯದರಲ್ಲಿ ಅವನೇ ನಿಂತು, ಅಳುತ್ತಿದ್ದ ಜೆರುಸಲೇಮಿನ ಹೆಂಗಸರನ್ನು ಮಾತನಾಡಿಸುತ್ತಾನೆ. ಶಿಷ್ಯರಲ್ಲಿ ಹೆಚ್ಚಿನವರು ಓಡಿಹೋದಾಗ ಶಿಲುಬೆಯ ಬುಡದಲ್ಲಿ ಉಳಿದವರೂ ಹೆಂಗಸರೇ. ಇನ್ನೊಬ್ಬರ ನೋವಿನ ಹತ್ತಿರ ಹೋಗಿ ನಿಲ್ಲುವುದೇ ಭಕ್ತಿ ಎಂದು ಅವರಿಂದ ತಿಳಿಯುತ್ತದೆ. ಈ ದುಃಖ ಕ್ರೈಸ್ತರದ್ದು ಮಾತ್ರವೂ ಅಲ್ಲ. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಕನ್ನಡ ಕಾವ್ಯವಾಗಿಸಿದರು.

ಹೇಮಾವತಿಯ ಕಾಲುವೆ ನೀರು ಇಂದು ಹಾಸನ, ಮಂಡ್ಯ, ತುಮಕೂರಿನ ಎಷ್ಟೋ ಹೊಲಗಳಿಗೆ ಹರಿಯುತ್ತದೆ. ಆ ನೀರಿನಲ್ಲಿ ಬೆಳೆದ ಅನ್ನ ಉಣ್ಣುವವರು, ಅದಕ್ಕಾಗಿ ಯಾರ ಒಲೆ ಆರಿತೆಂದು ಒಮ್ಮೆ ನೆನೆಯಬೇಕು. ಮುಳುಗಿದವರ ತ್ಯಾಗ ದೊಡ್ಡದು ಎಂದು ಭಾಷಣ ಮಾಡುವುದು ಸುಲಭ; ಅವರನ್ನು ಕೇಳಿ ಪಡೆದ ತ್ಯಾಗವೇ ಅದು ಎಂದು ವಿಚಾರಿಸುವುದು ಕಷ್ಟ.

ತಪಸ್ಸುಕಾಲದ ನಲವತ್ತು ದಿನಗಳು ಬರುವ ಹೊತ್ತಿಗೆ ನಮ್ಮಲ್ಲಿ ನೀರು ಇಳಿಯತೊಡಗಿರುತ್ತದೆ. ಚಾವಣಿಯಿಲ್ಲದ ಗೋಡೆಗಳು ಕೆಸರಿನಿಂದ ಮೇಲೆ ಕಾಣುತ್ತವೆ. ಇಟ್ಟಿಗೆಗಳು ಉದುರುತ್ತಿವೆ, ಅವು ಎಷ್ಟು ಕಾಲ ನಿಲ್ಲುತ್ತವೋ. ನಿಂತಿರುವಷ್ಟು ದಿನ ಅಲ್ಲಿಗೆ ಹೋದವರು ಫೋಟೋ ತೆಗೆಯುವ ಮುಂಚೆ ಒಂದು ಗಳಿಗೆ ಸುಮ್ಮನೆ ನಿಂತು, ಅಲ್ಲಿಂದ ಎದ್ದುಹೋದ ಮನೆಗಳವರನ್ನು ನೆನೆದರೆ, ಅದೂ ಶಿಲುಬೆ ಹಾದಿಯ ಒಂದು ನಿಲ್ದಾಣವೇ.