‘ದಿನಕ್ಕೆ ಒಂದು ಚಹಾದ ಖರ್ಚು ಅಷ್ಟೇ’: ದುಬಾರಿ ಕ್ಯಾಮೆರಾಗೆ ಮನೆಯವರನ್ನು ಒಪ್ಪಿಸುವ ಲೆಕ್ಕಗಳಲ್ಲಿ ಎಷ್ಟು ಸತ್ಯ?

ಬಸವಕಲ್ಯಾಣದ ಕೋಟೆ, ಪಕ್ಕದ ನಾರಾಯಣಪುರದ ಗುಡಿ, ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ದೇವಸ್ಥಾನದ ಶಿಲಾಬಾಲಿಕೆಯರು, ಹೊಲಗಳಲ್ಲಿ ಕಾಣಸಿಗುವ ಕೃಷ್ಣಮೃಗಗಳು. ಫೋಟೋ ತೆಗೆಯುವ ಹುಚ್ಚು ಹತ್ತಲು ಬೀದರ್ ಜಿಲ್ಲೆಯಲ್ಲಿ ಇಷ್ಟು ಸಾಕು. ಹುಚ್ಚು ಹತ್ತಿದ ಮೇಲೆ ಮೊಬೈಲ್ ಸಾಲುವುದಿಲ್ಲ, ಒಳ್ಳೆಯ ಕ್ಯಾಮೆರಾ ಬೇಕೆನಿಸುತ್ತದೆ. ಮನೆಯಲ್ಲಿ ಮಾತೆತ್ತಿದರೆ ಬರುವ ಪ್ರಶ್ನೆ ಮಾತ್ರ ಒಂದೇ: “ಈಗ ಯಾಕ ಬೇಕ್ರಿ ಇದು?”

ಈ ಪ್ರಶ್ನೆಗೆ ಸಿದ್ಧ ಉತ್ತರ ಕೊಡುವ ‘ಹೆಂಡತಿಯನ್ನು ಒಪ್ಪಿಸುವ ಉಪಾಯಗಳು’, ‘ಗಂಡನನ್ನು ಒಪ್ಪಿಸುವ ಟಿಪ್ಸ್’ ವಾಟ್ಸಾಪ್ ಗುಂಪುಗಳಲ್ಲಿ ನಗುವಿನ ಜೊತೆಗೆ ಹರಿದಾಡುತ್ತವೆ. ಅವುಗಳಲ್ಲಿ ಪದೇ ಪದೇ ಕಾಣುವ ಐದನ್ನು ಇಲ್ಲಿ ಪರಿಶೀಲಿಸೋಣ. ಉದಾಹರಣೆಗೆ ಕ್ಯಾಮೆರಾ ಬೆಲೆ ₹72,000 ಎಂದಿಟ್ಟುಕೊಳ್ಳೋಣ. ಕ್ಯಾಮೆರಾ ಬದಲು ಹಾರ್ಮೋನಿಯಂ, ಕಸೂತಿ ಯಂತ್ರ, ಟೆಲಿಸ್ಕೋಪ್ ಯಾವುದಾದರೂ ಇರಲಿ, ಲೆಕ್ಕ ಅದೇ.

ಹೇಳಿಕೆ 1: ‘ದಿನಕ್ಕೆ ಒಂದು ಚಹಾದ ಖರ್ಚು ಅಷ್ಟೇ’

ನಿಜವೇನು? ₹72,000 ಅನ್ನು ಮೂರು ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು ₹66. ಒಂದು ಚಹಾದ ಬೆಲೆಗೆ ಇದು ಸರಿಹೊಂದುವುದಿಲ್ಲ. ಇನ್ನು 12 ತಿಂಗಳ ಕಂತಾದರೆ ದಿನಕ್ಕೆ ಸುಮಾರು ₹200.

ದೊಡ್ಡ ಮೊತ್ತವನ್ನು ದಿನಗಳಿಗೆ ಒಡೆದು ಹೇಳುವುದು ಮಾರಾಟಗಾರರ ಹಳೆಯ ತಂತ್ರ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಜಾನ್ ಗೌರ್ವಿಲ್ 1998ರಲ್ಲಿ ಇದನ್ನು ಅಧ್ಯಯನ ಮಾಡಿ ತೋರಿಸಿದರು. ಮೊತ್ತ ಚಿಕ್ಕದಾಗಿ ಕಂಡಾಗ ನಮ್ಮ ಮನಸ್ಸು ಅದನ್ನು ಚಹಾ, ಪೇಪರ್‌ನಂಥ ಚಿಲ್ಲರೆ ಖರ್ಚಿನ ಜೊತೆ ಹೋಲಿಸುತ್ತದೆ. ಮಕ್ಕಳ ಫೀಸು, ಬೀಜ-ಗೊಬ್ಬರ ನೆನಪಿಗೆ ಬರುವುದಿಲ್ಲ. ಆದರೆ ಮನೆ ನಡೆಸುವವರಿಗೆ ಕಾಣುವುದು ಆ ದೊಡ್ಡ ಖರ್ಚುಗಳೇ. ಆದ್ದರಿಂದಲೇ ಈ ಮಾತಿಗೆ ಅಂಗಡಿಯಲ್ಲಿ ನಾವು ತಲೆಯಾಡಿಸಿದರೂ ಮನೆಯಲ್ಲಿ ಅದು ನಡೆಯುವುದಿಲ್ಲ.

ತೀರ್ಪು: ದಾರಿ ತಪ್ಪಿಸುತ್ತದೆ.

ಹೇಳಿಕೆ 2: ‘ನೋ ಕಾಸ್ಟ್ ಇಎಂಐ ಇದೆ, ಬಡ್ಡಿಯೇ ಇಲ್ಲ’

ನಿಜವೇನು? ‘ಶೂನ್ಯ ಬಡ್ಡಿ’ ಎಂಬುದು ಅಸ್ತಿತ್ವದಲ್ಲೇ ಇಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಬಡ್ಡಿ ಇದ್ದೇ ಇರುತ್ತದೆ. ಅಷ್ಟೇ ಮೊತ್ತವನ್ನು ಮಾರುವವರು ರಿಯಾಯಿತಿಯಾಗಿ ಬಿಟ್ಟುಕೊಡುತ್ತಾರೆ.

ತಿಂಗಳಿಗೆ ₹6,000ರಂತೆ 12 ಕಂತು ಎಂದುಕೊಳ್ಳಿ. ಬ್ಯಾಂಕಿನ ವಾರ್ಷಿಕ ಬಡ್ಡಿ ಶೇ 15 ಇದ್ದರೆ ಸಾಲದ ಅಸಲು ಸುಮಾರು ₹66,480, ಬಡ್ಡಿ ಸುಮಾರು ₹5,520. ಕ್ರೆಡಿಟ್ ಕಾರ್ಡ್ ಇಎಂಐ ಆದರೆ ಈ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಅಂದರೆ ಸುಮಾರು ₹990 ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಪ್ರೊಸೆಸಿಂಗ್ ಶುಲ್ಕವಿದ್ದರೆ ಅದು ಬೇರೆ. ನಗದು ಕೊಟ್ಟರೆ ಆ ರಿಯಾಯಿತಿ ಸಿಗುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿ ನೋಡಿ.

ಅಂಗಡಿಯಲ್ಲೇ ಫೈನಾನ್ಸ್ ಕಂಪನಿಯಿಂದ ಸಾಲ ಮಾಡುವುದಾದರೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೇಳಿ ಪಡೆಯಿರಿ. 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆ ಇದನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡುವುದು ಕಡ್ಡಾಯ. ಬಡ್ಡಿ, ಶುಲ್ಕ ಎಲ್ಲ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತದೆ. ಆ ಹಾಳೆಯನ್ನು ಮನೆಗೆ ತಂದು ಇಬ್ಬರೂ ಓದಿ, ಸಹಿ ಆಮೇಲೆ.

ನಮ್ಮ ಭಾಗಕ್ಕೆ ಇನ್ನೊಂದು ಮುಖ್ಯ ವಿಷಯವಿದೆ. ಕಂತು ತಿಂಗಳಿಗೆ ಬರುತ್ತದೆ, ಹೊಲದ ಆದಾಯ ಹಂಗಾಮಿಗೆ ಬರುತ್ತದೆ. ಸೋಯಾ ಹಣ ದಸರೆ-ದೀಪಾವಳಿ ಆಸುಪಾಸು, ತೊಗರಿ ಹಣ ರಾಶಿಯಾದ ಮೇಲೆ. ಕಬ್ಬು ಪೂರೈಸಿದ 14 ದಿನದಲ್ಲಿ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಆದರೆ ಬಾಕಿ ಉಳಿಯುವುದು ರೈತರಿಗೆ ಹೊಸದಲ್ಲ. ಸಂಬಳವಿಲ್ಲದ ಮನೆಯಲ್ಲಿ “ತಿಂಗಳಿಗೆ ಆರು ಸಾವಿರ ಅಷ್ಟೇ” ಎಂಬ ಮಾತು ಸಂಗಾತಿಯನ್ನು ಹೆದರಿಸಿದರೆ ಅದಕ್ಕೆ ಕಾರಣವಿದೆ.

ತೀರ್ಪು: ಸುಳ್ಳು.

ಹೇಳಿಕೆ 3: ‘ಎಷ್ಟು ಬಳಸುತ್ತೀವೋ ಅಷ್ಟು ಅಗ್ಗ, ವಾರ ವಾರ ಹೋಗ್ತೀನಿ’

ನಿಜವೇನು? ಲೆಕ್ಕದ ದಾರಿ ಸರಿ, ಅದರೊಳಗೆ ಹಾಕುವ ಸಂಖ್ಯೆ ತಪ್ಪಾಗುತ್ತದೆ. ತಿಂಗಳಿಗೆ ನಾಲ್ಕು ಸಲ ಬಳಸಿದರೆ ಮೂರು ವರ್ಷದಲ್ಲಿ 144 ಸಲ, ಒಂದು ಸಲಕ್ಕೆ ₹500. ತಿಂಗಳಿಗೆ ಒಂದೇ ಸಲ ಬಳಸಿದರೆ ₹2,000.

ನಮ್ಮ ಮುಂದಿನ ಉತ್ಸಾಹವನ್ನು ನಾವು ಹೆಚ್ಚಾಗಿ ಅಂದಾಜು ಮಾಡುತ್ತೇವೆ. ಅಮೆರಿಕದ ಮೂರು ಜಿಮ್‌ಗಳ ದಾಖಲೆ ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಪ್ರಸಿದ್ಧ ಉದಾಹರಣೆ. ತಿಂಗಳಿಗೆ 70 ಡಾಲರ್‌ಗಿಂತ ಹೆಚ್ಚು ಕಟ್ಟುವ ಸದಸ್ಯರು ಹೋದದ್ದು ಸರಾಸರಿ 4.3 ಸಲ. ಒಂದು ಭೇಟಿಗೆ 17 ಡಾಲರ್‌ಗೂ ಹೆಚ್ಚು ಬಿತ್ತು. ಅದೇ ಜಿಮ್‌ನಲ್ಲಿ ಹತ್ತು ಭೇಟಿಯ ಪಾಸು ಕೊಂಡಿದ್ದರೆ ಭೇಟಿಗೆ 10 ಡಾಲರ್ ಸಾಕಿತ್ತು.

ತೀರ್ಪು: ಅರ್ಧ ಸತ್ಯ. ಕಳೆದ ಮೂರು ತಿಂಗಳಲ್ಲಿ ಮೊಬೈಲ್ ಹಿಡಿದು ಫೋಟೋಗೆಂದೇ ಎಷ್ಟು ಬಾರಿ ಹೊರಗೆ ಹೋಗಿದ್ದೀರಿ ಎಂದು ಎಣಿಸಿ, ಆ ಸಂಖ್ಯೆಯಿಂದ ಭಾಗಿಸಿ.

ಹೇಳಿಕೆ 4: ‘ಮನೆಯಲ್ಲಿ ಬಂಗಾರ ಸುಮ್ಮನೆ ಬಿದ್ದಿದೆ, ಅಡ ಇಟ್ಟರಾಯ್ತು’

ನಿಜವೇನು? ಯಾರ ಬಂಗಾರ ಎಂಬುದು ಮೊದಲ ಪ್ರಶ್ನೆ. ಮದುವೆಯ ಮುಂಚೆ, ಮದುವೆಯಲ್ಲಿ ಮತ್ತು ಆನಂತರ ಹೆಣ್ಣಿಗೆ ಉಡುಗೊರೆಯಾಗಿ ಬಂದ ಒಡವೆ ಸ್ತ್ರೀಧನ. ಅದು ಗಂಡ-ಹೆಂಡತಿಯ ಜಂಟಿ ಆಸ್ತಿಯಲ್ಲ, ಸಂಪೂರ್ಣವಾಗಿ ಆಕೆಯದು ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಿದರೂ ಹಿಂದಿರುಗಿಸುವ ನೈತಿಕ ಹೊಣೆ ಅವನ ಮೇಲಿದೆ ಎಂದೂ ಹೇಳಿದೆ. ಹವ್ಯಾಸ ಕಷ್ಟಕಾಲವಲ್ಲ. ಸಾಲ ತೀರದಿದ್ದರೆ ಒಡವೆ ಹರಾಜಾಗುತ್ತದೆ.

ತೀರ್ಪು: ಅಪಾಯಕಾರಿ ಸಲಹೆ.

ಹೇಳಿಕೆ 5: ‘ಮೊದಲು ತಂದುಬಿಡಿ, ಬೆಲೆ ಅರ್ಧ ಹೇಳಿ, ಆಮೇಲೆ ಎಲ್ಲ ಸರಿಹೋಗುತ್ತೆ’

ನಿಜವೇನು? ಸಂಗಾತಿಗೆ ಒಪ್ಪಿಗೆಯಾಗಲಾರದೆಂದು ಗೊತ್ತಿದ್ದೂ ಖರ್ಚು ಮಾಡಿ, ಅದನ್ನು ಮುಚ್ಚಿಡುವುದಕ್ಕೆ ಸಂಶೋಧಕರು ‘ಹಣಕಾಸಿನ ದ್ರೋಹ’ ಎಂದು ಹೆಸರಿಟ್ಟಿದ್ದಾರೆ. 2020ರಲ್ಲಿ ‘ಜರ್ನಲ್ ಆಫ್ ಕನ್ಸ್ಯೂಮರ್ ರಿಸರ್ಚ್’ನಲ್ಲಿ ಇದರ ಬಗ್ಗೆ ವಿವರವಾದ ಅಧ್ಯಯನ ಬಂದಿದೆ. ಅರ್ಧ ಬೆಲೆ ಹೇಳಿದವರು ವಾರಂಟಿ ಕಾರ್ಡು, ಕಂತಿನ ಎಸ್ಸೆಮ್ಮೆಸ್ಸು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲವನ್ನೂ ವರ್ಷವಿಡೀ ಮುಚ್ಚಿಡಬೇಕು. ಒಂದು ದಿನ ಗೊತ್ತಾದಾಗ ಜಗಳ ಕ್ಯಾಮೆರಾಕ್ಕಲ್ಲ, ಸುಳ್ಳಿಗೆ.

ತೀರ್ಪು: ಮಾಡಲೇಬಾರದ್ದು.

ಹಾಗಾದರೆ ಒಪ್ಪಿಸುವುದು ಹೇಗೆ?

ಕೈ ಬಿಗಿ ಹಿಡಿಯುವವರೂ ಕೈ ಬಿಚ್ಚಿ ಖರ್ಚು ಮಾಡುವವರೂ ಒಬ್ಬರನ್ನೊಬ್ಬರು ಮದುವೆಯಾಗುವುದು ಹೆಚ್ಚು, ಇಬ್ಬರ ಸ್ವಭಾವದ ಅಂತರ ಹೆಚ್ಚಿದಷ್ಟೂ ಹಣದ ಜಗಳವೂ ಹೆಚ್ಚು ಎಂದು 2011ರ ಒಂದು ಅಮೆರಿಕನ್ ಅಧ್ಯಯನ ಕಂಡುಕೊಂಡಿದೆ. ಅಲ್ಲಿ ಮದುವೆಯಾಗುವ ರೀತಿ ಬೇರೆ, ಆದರೂ ಇಂಥ ಜೋಡಿ ನಮ್ಮಲ್ಲೂ ಅಪರೂಪವಲ್ಲ. ‘ಬೇಡ’ ಎನ್ನುವ ಸಂಗಾತಿ ಹವ್ಯಾಸದ ಶತ್ರು ಆಗಿರಬೇಕೆಂದಿಲ್ಲ. ಮುಂದಿನ ತಿಂಗಳ ಖರ್ಚು, ಭಾನುವಾರವೆಲ್ಲ ಒಬ್ಬರೇ ಮನೆ-ಮಕ್ಕಳನ್ನು ನೋಡಿಕೊಳ್ಳುವ ಹೊರೆ, ಹಿಂದೆ ಕೊಂಡು ಅಟ್ಟ ಸೇರಿದ ವಸ್ತುವಿನ ನೆನಪು, ಇವುಗಳಲ್ಲಿ ಯಾವುದು ಕಾಡುತ್ತಿದೆ ಎಂದು ಮೊದಲು ಕೇಳಿ. ಮೂರಕ್ಕೂ ಉತ್ತರ ಬೇರೆ ಬೇರೆ.

ನಂತರ ಒಂದು ಹಾಳೆಯಲ್ಲಿ ಇವನ್ನು ಬರೆದು ಮುಂದಿಡಿ:

• ಪೂರ್ತಿ ಬೆಲೆ: ಲೆನ್ಸ್, ಮೆಮೊರಿ ಕಾರ್ಡ್, ಬ್ಯಾಗ್, ಬಡ್ಡಿ, ಜಿಎಸ್‌ಟಿ ಎಲ್ಲ ಸೇರಿಸಿ.
• ಹಣದ ಮೂಲ: ಯಾವ ಆದಾಯದಿಂದ, ಯಾವ ತಿಂಗಳಲ್ಲಿ. ಆಸ್ಪತ್ರೆ ಖರ್ಚಿಗೆ ಇಟ್ಟ ಹಣ ಮುಟ್ಟುವುದಿಲ್ಲ ಎಂಬುದೂ ಸೇರಲಿ.
• ನಿಜವಾದ ಅಗತ್ಯ: ಕೋಟೆ, ಶಿಲ್ಪಕ್ಕೆ ಒಳ್ಳೆಯ ಮೊಬೈಲ್ ಬಹುಪಾಲು ಸಾಕು. ದೂರದ ಕೃಷ್ಣಮೃಗಕ್ಕೆ ಉದ್ದನೆಯ ಲೆನ್ಸ್ ಬೇಕು. ನಿಮಗೆ ಯಾವುದು?
• ಸಮಯ: ನೀವು ಹೊರಗಿರುವ ಹೊತ್ತಿಗೆ ಮನೆಯ ಕೆಲಸ ಯಾರದು, ಬದಲಿಗೆ ಅವರಿಗೆ ಯಾವ ಬಿಡುವು?
• ಸಮಪಾಲು: ನಾಳೆ ಅವರು ಹಾರ್ಮೋನಿಯಂ ಕೇಳಿದರೆ ಇದೇ ಮಿತಿಯ ಖರ್ಚಿಗೆ ನೀವೂ ಒಪ್ಪುತ್ತೀರಾ?

ಹಾಳೆ ಕೊಟ್ಟ ದಿನವೇ ಉತ್ತರ ಕೇಳಬೇಡಿ. ಸಾಧ್ಯವಿದ್ದರೆ ಪರಿಚಯದವರ ಕ್ಯಾಮೆರಾವನ್ನು ಎರಡು ವಾರ ಎರವಲು ತಂದು ಅಥವಾ ಬಾಡಿಗೆಗೆ ಪಡೆದು ಬಳಸಿ. ಎರಡನೇ ವಾರ ಅದು ಚೀಲದಲ್ಲೇ ಉಳಿದರೆ ₹72,000 ಉಳಿಯಿತು. ಬೆಳಿಗ್ಗೆ ಐದಕ್ಕೆ ನೀವೇ ಎದ್ದು ಹೊರಟರೆ ಅದನ್ನು ಸಂಗಾತಿಯೂ ನೋಡಿರುತ್ತಾರೆ.

ಇಷ್ಟಾದ ಮೇಲೂ ‘ಈ ವರ್ಷ ಬೇಡ’ ಎಂಬ ಉತ್ತರ ಬರಬಹುದು. ಆಗ ಯಾವ ತಿಂಗಳಲ್ಲಿ ಮತ್ತೆ ಮಾತಾಡೋಣ ಎಂಬುದನ್ನು ಇಬ್ಬರೂ ಸೇರಿ ಗೊತ್ತುಮಾಡಿಕೊಳ್ಳಿ. ಅಲ್ಲಿಯವರೆಗೆ ತಿಂಗಳಿಗೆ ₹2,000 ಬೇರೆ ಇಟ್ಟರೂ ವರ್ಷಕ್ಕೆ ₹24,000 ಆಗುತ್ತದೆ, ಮುಂದಿನ ಸಾಲ ಅಷ್ಟು ಚಿಕ್ಕದಾಗುತ್ತದೆ.

‘ಒಪ್ಪಿಸುವ ಉಪಾಯ’ದ ಫಾರ್ವರ್ಡ್ ಇನ್ನೊಮ್ಮೆ ಬಂದರೆ ಒಂದೇ ಪ್ರಶ್ನೆ ಕೇಳಿ: ಇದನ್ನು ನನ್ನ ಸಂಗಾತಿಯ ಎದುರಿಗೇ ಓದಬಲ್ಲೆನಾ? ಆಗದಿದ್ದರೆ ಮುಂದೆ ಕಳಿಸಬೇಡಿ.